ಎಡಬಾಗಿಲ ಹಿಂದಿನ ಹಸಿರು

"ಹತ್ತ್ರಿ ಸಾಹೇಬ್ರ. ಬಸ್ಸಿನ ಧೂಳು ಯಾಕ ಕುಡೀತೀರಿ? ಹಿಂದ ಕೂಡ್ರಿ, ಮುಂದ ಹತ್ತಿ ಸ್ಯಾಂಪಲ್ ಇಟ್ಟೀನಿ."

ಹರಿಹರದ ಕೋರ್ಟಿನ ಎದುರಿಗೆ, ಊರ ಜನ ನೋಡುತ್ತಿರುವಾಗಲೇ, ಮಲ್ಲೇಶಪ್ಪ ತನ್ನ ಮೆರೂನ್ ಬಣ್ಣದ ಮಾರಿಸ್ ಕಾರು ನಿಲ್ಲಿಸಿ ನನ್ನನ್ನು ಕರೆದ. ದಾವಣಗೆರೆಯ ಜಿನ್ನಿಂಗ್ ಮಿಲ್ಲಿನ ಧಣಿ. ಅವನ ಮೇಲೆ ನನಗೆ ಮೊದಲ ದಿನದಿಂದ ಅನುಮಾನ. ನನಗೆ ಅನುಮಾನ ಇದೆಯೆಂದು ಅವನಿಗೂ ಗೊತ್ತು. ಗೊತ್ತಿದ್ದೇ ಕರೆದ. ಕೊಬ್ಬು ಅಂದರೆ ಇದು.

ನಾನೂ ಹಟಕ್ಕೆ ಬಿದ್ದು ಹತ್ತಿದೆ. ವಾಮದೇವಪ್ಪ ಪೊಲೀಸ್ ನೌಕರಿ ಬಿಟ್ಟಿರಬಹುದು, ಹಟ ಬಿಟ್ಟಿಲ್ಲ.

ಮರೆತವರಿಗೆ ಒಂದೇ ಸಾಲು: ಗುತ್ತೂರಿನ ಜಂಬಯ್ಯನನ್ನು ಸೈಕಲ್ಲಿನ ಸಮೇತ ಬಡಿದು ಕೊಂದು, ನಿಲ್ಲದೆ ಹೋದದ್ದು ಒಂದು ಹಸಿರು ಕಾರು, ಊರಲ್ಲಿ ಹಸಿರು ಕಾರು ಇರುವುದು ತನ್ನೊಬ್ಬನ ಬಳಿ ಎಂಬ ತಪ್ಪಿಗೆ ಟ್ಯಾಕ್ಸಿ ಡ್ರೈವರ್ ಕಾಟಪ್ಪ ಹರಿಹರದ ಜೈಲಿನಲ್ಲಿದ್ದಾನೆ, ನಾಳೆ ತೀರ್ಪು.

ಅವನ ಪರವಾಗಿ ಓಡಾಡುತ್ತಿರುವವನು ನಾನು. ಆದರೆ ಆ ಮಹಾರಾಯ ನನಗೂ ಸಹಾಯ ಮಾಡುವುದಿಲ್ಲ. ಆವತ್ತು ಸಂಜೆ ಎಲ್ಲಿದ್ದೆಯಪ್ಪಾ ಎಂದು ಕೇಳಿದರೆ ಗೋಡೆ ನೋಡುತ್ತಾನೆ. ಇವತ್ತೂ ಜೈಲಿಗೆ ಹೋಗಿ ಕೇಳಿದೆ, ಇವತ್ತೂ ಗೋಡೆ ನೋಡಿದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಕಾರು ಹೊರಟಿತು. ಒಳಗೆಲ್ಲ ಹೊಸ ರೆಕ್ಸಿನ್ನಿನ ವಾಸನೆ. ಸೀಟಿನ ಅಂಚಿನ ಸಣ್ಣ ಹೊಲಿಗೆ ನೋಡಿದ ತಕ್ಷಣ ಹಜೀರಾಬೀಯ ಕೈ ಎಂದು ಗುರುತು ಹಿಡಿದೆ. ಹೊರಗಿನ ಬಣ್ಣ ಅವಳ ಗಂಡ ಲಾಲ್ ಸಾಬನದು. ಬೇತೂರು ರಸ್ತೆಯ ಅವನ ಶೆಡ್ಡಿಗೆ ತುಕ್ಕು ಹಿಡಿದು ಬಂದ ಕಾರು, ಮದುವೆಗೆ ಹೊರಟ ಹಾಗೆ ಆಚೆ ಬರುತ್ತಿತ್ತು.

"ಹೆಂಗೈತ್ರಿ ನಿಮ್ಮ ಗೆಳೆಯನ ಕೆಲಸ?" ಮಲ್ಲೇಶಪ್ಪ ಮೇಲಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಮುಖ ನೋಡ್ಕಬಹುದು."

"ಪುಣೆಯಾಗ ಹರಾಜಿಗೆ ಹಿಡಿದಾಗಲೂ ಇದೇ ಮೆರೂನ್. ಮಾಸಿತ್ತು, ಅಷ್ಟ. ಲಾರಿ ಮ್ಯಾಲೆ ತಂದು, ತಾಡಪತ್ರಿ ಹೊದಿಸಿ ಮಿಲ್ಲಿನಾಗ ಇಟ್ಟಿದ್ದೆ. ಅವ ಮ್ಯಾಲೊಂದು ಕೈ ಹೊಡೆದ."

"ಹಿಂದೆ ಹೇಳಿದ್ರಿ."

"ಮತ್ತೊಮ್ಮೆ ಹೇಳಿದ್ರ ನಿಮಗ ನಂಬಿಕಿ ಬರತೈತೇನೋ ಅಂತ."

ಅನುಮಾನ ಪೂರ್ತಿ ಹೋಗದಿದ್ದರೂ ನಂಬಿಕೆ ನನಗೆ ಆಗಲೇ ಬಂದಿತ್ತು, ಅದೇ ನನ್ನ ಕರ್ಮ. ತಾಡಪತ್ರಿಯ ಕೆಳಗೆ ಆ ಕಾರು ಯಾವ ಬಣ್ಣದಲ್ಲಿತ್ತೆಂದು ಊರಲ್ಲಿ ಯಾರೂ ಕಂಡಿರಲಿಲ್ಲ. ಅಷ್ಟಕ್ಕೇ ನಾನು ಬಿಡುತ್ತಿರಲಿಲ್ಲ. ಆದರೆ ವಕೀಲರನ್ನು ಜೊತೆಗೆ ಕರೆದುಕೊಂಡು ಶೆಡ್ಡಿಗೆ ಹೋಗಿ, "ಹಸಿರು ಕಾರು ಯಾವುದಾದರೂ ಬಣ್ಣಕ್ಕೆ ಬಂದಿತ್ತೇನೋ?" ಎಂದು ಕೇಳಿದಾಗ, ಲಾಲ್ ಸಾಬ ನನ್ನ ಕಣ್ಣಲ್ಲಿ ಕಣ್ಣಿಟ್ಟು "ಇಲ್ಲ" ಎಂದಿದ್ದ.

ನಿಟ್ಟುವಳ್ಳಿಯ ಒಂದೇ ಓಣಿಯಲ್ಲಿ ಬೆಳೆದವರು ನಾವು. ಒಂದೇ ಬಾವಿಗೆ ಹಾರಿ ಈಜು ಕಲಿತವರು. ಅವನು ಇಲ್ಲ ಎಂದರೆ ಇಲ್ಲ. ನಾನು ಮಲ್ಲೇಶಪ್ಪನನ್ನು ಕೈಬಿಟ್ಟು, ಹಸಿರು ಕಾರು ಹುಡುಕಿಕೊಂಡು ಶಿವಮೊಗ್ಗ, ರಾಣೆಬೆನ್ನೂರು ಅಂತ ಅಲೆದೆ. ಚಪ್ಪಲಿ ಸವೆಯಿತು, ಮತ್ತೇನೂ ಆಗಲಿಲ್ಲ.

ದಾರಿಯಲ್ಲಿ ಹತ್ತಿ ಗಾಡಿಗಳ ಸಾಲು. ಕಾರು ಒಂದು ಹಳ್ಳಕ್ಕೆ ಇಳಿದು ಎದ್ದಾಗ ನನ್ನ ಮೊಣಕಾಲಿಗೆ ಏನೋ ತಾಗಿತು. ನಾನು ಕೂತಿದ್ದ ಎಡಗಡೆ ಹಿಂಬಾಗಿಲಿನ ಒಳಹಲಗೆ. ರೆಕ್ಸಿನ್ ಹೊದಿಸಿದ ಆ ಹಲಗೆಯ ಕೆಳಮೂಲೆ ಬಿಸಿಲಿಗೆ ಸೊಟ್ಟಗಾಗಿ, ತಗಡಿನಿಂದ ಬೆರಳಷ್ಟು ದೂರ ಸರಿದಿತ್ತು.

ಎಡಗಡೆಯ ಹಿಂಬಾಗಿಲು. ನನಗೆ ಒಳಗೊಳಗೇ ಏನೋ ಕುಟುಕಿತು.

ಲಾಲ್ ಸಾಬನಿಗೊಂದು ರಿವಾಜು ಉಂಟು, ಹುಬ್ಬಳ್ಳಿಯ ಅವನ ಉಸ್ತಾದನಿಂದ ಬಂದದ್ದು. ಎಂಥ ಕಾರೇ ಬರಲಿ, ಹಳೇ ಬಣ್ಣ ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ, ಹೊಸ ಬಣ್ಣ ಹೊಡೆಯುವಾಗ ಒಂದು ಕಡೆ ಮಾತ್ರ ಅಂಗೈಯಗಲ ಹಳೇ ಬಣ್ಣ ಹಾಗೇ ಬಿಡುತ್ತಾನೆ. ಎಡಗಡೆ ಹಿಂಬಾಗಿಲಿನ ಒಳಹಲಗೆಯ ಹಿಂದೆ. ಗಾಡಿಗೆ ತನ್ನ ಹುಟ್ಟುಬಣ್ಣ ಮರೆಯಬಾರದಂತೆ. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಅವನ ಶೆಡ್ಡಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಕುಡಿದು ನನಗೆ ಗೊತ್ತಾಗಿತ್ತು.

ಗೊತ್ತಿದ್ದೂ ನಾನು ಈ ಬಾಗಿಲು ಬಿಚ್ಚಿಸಿ ನೋಡಿರಲಿಲ್ಲ. ಗೆಳೆಯ ಬಾಯಿಬಿಟ್ಟು ಹೇಳಿದ ಮೇಲೆ ಯಾರಾದರೂ ಬಾಗಿಲು ಬಿಚ್ಚಿಸುತ್ತಾರೆಯೇ?

ಬೆರಳು ತೂರಿಸಿದೆ. ಹಲಗೆ ಅಲುಗಿತು, ಆದರೆ ಒಂದು ಕ್ಲಿಪ್ಪು ಹಿಡಿದುಕೊಂಡಿತ್ತು. ಎಳೆದರೆ ಸದ್ದಾಗುತ್ತದೆ. ಕನ್ನಡಿಯಲ್ಲಿ ಮಲ್ಲೇಶಪ್ಪನ ಕಣ್ಣು ನನ್ನ ಮೇಲೇ ಇತ್ತು.

ನಾನು ಜೇಬಿನಿಂದ ನಶ್ಯದ ಪೊಟ್ಟಣ ತೆಗೆದೆ.

"ಇದೇನ್ರಿ ಸಾಹೇಬ್ರ, ಕಾಗದದಾಗ ನಶ್ಯ? ನಿಮ್ಮ ತಂದಿಯವರ ಬೆಳ್ಳಿ ಡಬ್ಬಿ ಎಲ್ಲಿ ಹೋತು?"

"ತಮ್ಮ ಕೊಂಡಜ್ಜಿ ಕೆರಿಯಾಗ ಬೀಳ್ಸಿದ. ಸ್ಕೌಟು ಹುಡುಗರನ್ನ ಕ್ಯಾಂಪಿಗೆ ಕರ್ಕಂಡು ಹೋಗಿದ್ನಲ್ಲ, ಈಜಾಡೋವಾಗ."

"ಅಯ್ಯ ಪಾಪ. ಕೆರಿಯಾಗ?" ಅವನು ಒಂದು ಥರಾ ನಕ್ಕ. "ಅಜ್ಜಯ್ಯ ಮೇಷ್ಟ್ರು ಬಂಗಾರದಂಥ ಮನುಷ್ಯ ಬಿಡ್ರಿ. ನಮ್ಮ ಹುಡುಗ್ರಿಗೆ ಅವರ ಪಾಠ ಅಂದ್ರ ಪ್ರಾಣ."

ನನ್ನ ತಮ್ಮನನ್ನು ಹೊಗಳಿದರೆ ನಾನು ಕರಗುತ್ತೇನೆಂದು ಎಲ್ಲರಿಗೂ ಗೊತ್ತು. ಅಪ್ಪ ಸತ್ತಾಗ ಅಜ್ಜಯ್ಯ ಇನ್ನೂ ತೊಡೆಯ ಮೇಲಿನ ಕೂಸು. ಉಣಿಸಿದ್ದು, ಓದಿಸಿದ್ದು, ಮೇಷ್ಟ್ರು ಮಾಡಿದ್ದು ನಾನು ಮತ್ತು ನನ್ನ ಹೆಂಡತಿ ಕಮಲಕ್ಕ. ಮನೆಗೆ ಇದ್ದ ಒಂದೇ ಬೆಳ್ಳಿ ಸಾಮಾನನ್ನು, ಅವನು ಕೇಳಿದನೆಂದು, ಅವನ ಕೈಗೆ ಕೊಟ್ಟಿದ್ದೆ.

ಎರಡೂ ಮೂಗಿಗೆ ನಶ್ಯ ಏರಿಸಿ, ಇಡೀ ಕಾರು ನಡುಗುವ ಹಾಗೆ ಸೀನಿದೆ. ಆ ಸೀನಿನೊಳಗೇ ಕ್ಲಿಪ್ಪು ಎಗರಿತು.

ಬಾಗಿ ಇಣುಕಿದೆ. ಸುತ್ತ ಮೆರೂನ್. ನಡುವೆ ಅಂಗೈಯಗಲ ಹಸಿರು. ಕಾಟಪ್ಪನ ಟ್ಯಾಕ್ಸಿಯ ತಿಳಿಹಸಿರಲ್ಲ. ಬಲಿತ ವೀಳ್ಯದೆಲೆಯ ಕಡುಹಸಿರು. ಸತ್ತ ಜಂಬಯ್ಯನ ಸೈಕಲ್ಲಿನ ಹ್ಯಾಂಡಲ್ಲಿಗೆ ಹತ್ತಿದ್ದ ಬಣ್ಣ ಇದೇ. ಎರಡೂ ಒಂದೇ ಹಸಿರಲ್ಲ ಎಂದು ನಾನು ಬಡಕೊಂಡರೂ, ಹಸಿರು ಅಂದರೆ ಹಸಿರೇ ಎಂದು ಪೊಲೀಸರು ಬಾಯಿ ಮುಚ್ಚಿಸಿದ್ದರು.

ನನಗೆ ಸಂತೋಷವಾಗಬೇಕಿತ್ತು. ಕಾಟಪ್ಪ ಉಳಿದ ಎಂದು ಕುಣಿಯಬೇಕಿತ್ತು. ಲಾಲ್ಯಾ, ನೀನೇನೋ ನನಗೆ ಸುಳ್ಳು ಹೇಳಿದ್ದು?

ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ನಶ್ಯದ ಪೊಟ್ಟಣದಲ್ಲಿ ಮಡಚಿಟ್ಟೆ.

"ಬೇತೂರು ರಸ್ತೆಯಾಗ ಇಳಿಸಿಬಿಡ್ರಿ," ಎಂದೆ. "ಲಾಲ್ ಸಾಬನ ಹತ್ರ ಒಂಚೂರು ಕೆಲಸ ಐತೆ."

ಅವನು ಅಲ್ಲೇ ನಿಲ್ಲಿಸಿದ. ನಾನು ಇಳಿದ ಮೇಲೆ ಕಿಟಕಿಯಿಂದ ಮುಖ ಚಾಚಿದ.

"ಬಾಗಿಲು ಮೆತ್ತಗ ಹಾಕ್ರಿ ಸಾಹೇಬ್ರ. ಒಳಗಿನ ಹಲಗಿ ಸಡ್ಲ ಆದಂಗೈತೆ."

ಕಂಡಿದ್ದ. ಎಲ್ಲ ಕಂಡಿದ್ದ. ಕಂಡೂ ಅವನ ಮುಖದಲ್ಲಿ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಅದು ನನಗೆ ಅರ್ಥವಾಗಲಿಲ್ಲ.

*

ಲಾಲ್ ಸಾಬ ಒಂದು ಹಳೇ ವ್ಯಾನಿನ ಬಾನೆಟ್ಟಿಗೆ ನೀರು ಸುರಿದು, ಎಮರಿ ಕಾಗದದಿಂದ ಉಜ್ಜುತ್ತಿದ್ದ. ಮೊಣಕೈತನಕ ಕೆಂಪು ನೀರು ಇಳಿದಿತ್ತು. ಮೂಲೆಯಲ್ಲಿ ಹಜೀರಾಬೀ ಹೊಲಿಗೆ ಯಂತ್ರದ ಮುಂದೆ ಕೂತು ಸೀಟಿಗೆ ತೆಂಗಿನ ನಾರು ತುಂಬುತ್ತಿದ್ದಳು.

"ಬಾ ವಾಮಣ್ಣ. ಹಜೀರಾ, ಚಾ ಇಡು."

"ಚಾ ಬ್ಯಾಡ."

ಪೊಟ್ಟಣವನ್ನು ಬಾನೆಟ್ಟಿನ ಮೇಲೆ ಬಿಚ್ಚಿಟ್ಟೆ. ಕಂದು ನಶ್ಯದ ನಡುವೆ ಹಸಿರು ಚಕ್ಕೆ. ಅವನು ನೋಡಿದ. ಕೈಯಲ್ಲಿದ್ದ ಕಾಗದ ನಿಂತಿತು.

"ಎಲ್ಲಿ ಸಿಕ್ತು?"

"ನೀನು ಎಲ್ಲಿ ಬಿಟ್ಟಿದ್ದೆಯೋ ಅಲ್ಲೇ. ಮಲ್ಲೇಶಪ್ಪನ ಕಾರಿನಾಗ, ಎಡಬಾಗಿಲ ಹಿಂದ."

ಅವನು ಬಕೆಟ್ಟಿನಲ್ಲಿ ಕೈ ಅದ್ದಿ ನಿಧಾನವಾಗಿ ತೊಳೆದುಕೊಂಡ. ಆ ನಿಧಾನ ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಹಸಿರು ಕಾರು ಬಂದಿಲ್ಲ ಅಂದ್ಯಲ್ಲೋ. ವಕೀಲರ ಮುಂದ, ನನ್ನ ಮುಖ ನೋಡಿ ಅಂದ್ಯಲ್ಲೋ."

"ಅಂದಿದ್ದೆ."

"ಕಾಟಪ್ಪ ಒಳಗ ಕೊಳೀತಿದಾನ. ಅವನ ಹೆಂಡ್ತಿ ಉಚ್ಚೆಂಗೆಮ್ಮ ಹಾಲು ಕುಡಿಯೋ ಕೂಸು ಕಟ್ಕಂಡು ದಿನಾ ನಮ್ಮ ಕಟ್ಟಿ ಮ್ಯಾಲೆ ಕೂತಿರ್ತಾಳ. ನಾನು ಊರೂರು ನಾಯಿ ತಿರುಗಿದಂಗ ತಿರುಗೀನಿ. ನೀನು ಇಲ್ಲಿ ಕೂತು ಬಣ್ಣ ಉಜ್ಜತಿದ್ದಿ. ಏನು ಕೊಟ್ಟ ಆ ಮಲ್ಲೇಶಪ್ಪ?"

"ನಾಲಿಗಿ ಹಿಡ್ಕಂಡು ಮಾತಾಡು ವಾಮಣ್ಣ."

"ನೀನು ನನಗ ಹೇಳ್ತೀಯಾ? ತಾಯಿ ಮೊಲಿ ಬಿಟ್ಟಾಗಿಂದ ಕೂಡಿ ತಿರುಗಿದವ್ರು ನಾವು. ನಿನ್ನಂಥವ್ನ ನಂಬಿ ಒಬ್ಬ ಬಡವನ ಕುತ್ತಿಗಿ ಕೊಯ್ದೆ ನಾನು."

ಹಜೀರಾಬೀ ಎದ್ದು ನಿಂತಳು. ಲಾಲ್ ಸಾಬ ಅವಳಿಗೆ ಕೈ ಅಡ್ಡ ಮಾಡಿದ. ಅವನ ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ನಾಚಿಕೆ ಇರುತ್ತದೆಂದು ನಾನು ಕಾದಿದ್ದೆ. ಇದ್ದದ್ದು ಸಿಟ್ಟು. ನನಗಿಂತ ಹೆಚ್ಚಿನ ಸಿಟ್ಟು.

"ಸುಳ್ಳು ಹೇಳಿದ್ದು ಖರೆ. ನೀನು ಹೇಳು ಅಂದಿದ್ದಕ್ಕ ಹೇಳಿದೆ."

"ನಾನಾ?"

"ನೀನಲ್ದ ಮತ್ಯಾರು? ಕಾರು ಬಂದಾಗ ಮುಂದಿನ ದೀಪ ಒಡೆದಿತ್ತು, ಮಡ್‌ಗಾರ್ಡು ಒಳಗ ಹೋಗಿತ್ತು. ಏನು ಮಾಡಿ ಬಂದೈತೆ ಅಂತ ನೋಡಿದ್ರ ಗೊತ್ತಾಗತೈತೆ. ನಾನು ಮುಟ್ಟಂಗಿಲ್ಲ ಅಂದೆ. ತಂದವ ನನ್ನ ಕಾಲು ಹಿಡ್ದು ಹೇಳಿದ, 'ಅಣ್ಣ ಕಳ್ಸ್ಯಾನ. ಬಣ್ಣ ಬದಲಿ ಮಾಡು, ಯಾರ ಮುಂದೂ ಬಾಯಿ ಬಿಡಬ್ಯಾಡ, ತನ್ನ ಮುಂದೂ ಮಾತು ತೆಗೀಬ್ಯಾಡ ಅಂದಾನ' ಅಂತ. ಆಮ್ಯಾಲೆ ನೀನು ವಕೀಲನ್ನ ಬಾಜೂಕ ನಿಲ್ಲಿಸ್ಕಂಡು ಬಂದು ಕೇಳ್ದಿ. ಸಾಕ್ಷಿ ಮುಂದ ಇಲ್ಲ ಅನ್ನಿಸಾಕ ಬಂದಾನ ಅಂತ ತಿಳಿದೆ. ಇಲ್ಲ ಅಂದೆ. ಅವತ್ತು ಸಂಜಿ ನಮಾಜಿಗೆ ಕೂಡಾಕ ನಾಚಿಕಿ ಆತು ನನಗ."

"ಯಾವ ಅಣ್ಣನೋ?" ಎಂದೆ. "ಯಾರು ತಂದಿದ್ದು?"

ಅವನು ನನ್ನನ್ನೇ ನೋಡಿದ. ಅವನ ಸಿಟ್ಟು ಇಳಿಯುತ್ತ ಬಂದು, ಅದರ ಜಾಗದಲ್ಲಿ ಏನೋ ಬೇರೆ ಬಂತು. ಅದನ್ನು ನೋಡಲು ನನಗೆ ಇಷ್ಟವಾಗಲಿಲ್ಲ.

"ನಿನಗ ಗೊತ್ತಿಲ್ಲ," ಎಂದ. "ಯಾ ಖುದಾ. ನಿನಗ ಗೊತ್ತೇ ಇಲ್ಲ."

"ಯಾರು ಲಾಲ್ಯಾ?"

ಉತ್ತರ ಕೊಟ್ಟದ್ದು ಹಜೀರಾಬೀ. ಬಾಯಲ್ಲಿ ಅಲ್ಲ. ಕಪಾಟಿನ ಮೇಲಿನ ಬಿಸ್ಕತ್ತಿನ ತಗಡಿನ ಡಬ್ಬ ಇಳಿಸಿ ನನ್ನ ಮುಂದೆ ಇಟ್ಟಳು. ಹಳೇ ಸೀಟು ಬಿಚ್ಚಿದಾಗ ಸಂದಿಯಲ್ಲಿ ಸಿಕ್ಕಿದ್ದನ್ನೆಲ್ಲ ಅವಳು ಅದರಲ್ಲಿ ಹಾಕಿಡುತ್ತಾಳೆ. ಗಾಡಿ ಒಯ್ಯುವಾಗ ಅವರವರದನ್ನು ಅವರವರಿಗೆ ಕೊಡುತ್ತಾಳೆ. ಬಾಚಣಿಗೆ, ಗುಂಡಿ, ಮಕ್ಕಳ ಕಾಲ್ಗೆಜ್ಜೆ, ಇಂಥವು. ಅವಳು ಮುಚ್ಚಳ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ನನ್ನ ಕೈಗಿಟ್ಟಳು.

"ಡ್ರೈವರ್ ಸೀಟಿನ ಸಂದಿಯಾಗ ಇತ್ತು ಭಾಯಿ. ನಿಮ್ಮ ಮನಿ ಸಾಮಾನು ಅಂತ ಮಲ್ಲೇಶಪ್ಪನೋರಿಗೆ ಕೊಡ್ಲಿಲ್ಲ. ನೀವು ಒಬ್ರೇ ಬಂದಾಗ ಕೊಡಾಣ ಅಂತ ಇಟ್ಟಿದ್ದೆ. ನೀವು ಒಬ್ರೇ ಬರಲೇ ಇಲ್ಲ."

ಬಟ್ಟೆ ಬಿಚ್ಚಿದೆ.

ಅಪ್ಪನ ನಶ್ಯದ ಡಬ್ಬಿ. ಮುಚ್ಚಳದ ಮೇಲೆ ಬಸವಣ್ಣ. ಅಪ್ಪನ ಹೆಬ್ಬೆರಳು ತಾಗಿ ತಾಗಿ ಬಸವಣ್ಣನ ಒಂದು ಕೋಡು ಸವೆದು ಹೋಗಿತ್ತು. ಕೊಂಡಜ್ಜಿ ಕೆರೆಯ ಕೆಸರಲ್ಲಿ ಹೂತುಹೋಗಿದೆ ಎಂದು ನಾನು ನಂಬಿದ್ದ ಡಬ್ಬಿ. ಅಣ್ಣಾ, ಅಪ್ಪನ ಗುರುತು ಕಳೆದುಬಿಟ್ಟೆ ಎಂದು ನನ್ನ ಅಜ್ಜಯ್ಯ ಬಿಕ್ಕಿ ಬಿಕ್ಕಿ ಅತ್ತಿದ್ದ. ಹೋಗಲಿ ಬಿಡೋ, ನೀನು ನೀರಿಂದ ಸುಖವಾಗಿ ಬಂದೆಯಲ್ಲ ಎಂದು ನಾನೇ ಅವನ ತಲೆ ಸವರಿದ್ದೆ. ಕಮಲಕ್ಕ ದೃಷ್ಟಿ ತೆಗೆದಿದ್ದಳು.

ಅವನು ಹಾಗೆ ಅಳುತ್ತ ಬಂದದ್ದು ಜಂಬಯ್ಯ ಸತ್ತ ದಿನವೇ. ಕೊಂಡಜ್ಜಿಯಿಂದ ಹರಿಹರಕ್ಕೆ ಬರುವ ದಾರಿಯಲ್ಲೇ ಗುತ್ತೂರು. ಇಷ್ಟು ದಿನ ಇದು ನನ್ನ ತಲೆಗೆ ಹೊಳೆಯಲಿಲ್ಲ. ಊರಿನ ಕಳ್ಳರನ್ನೆಲ್ಲ ಹಿಡಿದ ತಲೆ ಇದು. ಇದಕ್ಕೆ ಬೆಂಕಿ ಬೀಳಲಿ.

"ಮಲ್ಲೇಶಪ್ಪನಿಗೆ ಗೊತ್ತೈತೇನು?" ಎಂದೆ.

"ಗೊತ್ತೈತೆ. ಹುಡುಗ ಕಾರು ಕಲೀತೀನಿ ಅಂದಿದ್ದಕ್ಕ ಅವನೇ ಕೊಟ್ಟಿದ್ದು. ಆಮ್ಯಾಲೆ ಇಲ್ಲಿ ಬಂದು ನೋಡಿ ನಕ್ಕ. 'ಇರ್ಲಿ ಬಿಡು, ಸಾಹೇಬ್ರ ತಮ್ಮ ನಮ್ಮ ಕೈಯಾಗ ಇದ್ರ ಒಳ್ಳೇದ' ಅಂದ." ಲಾಲ್ ಸಾಬ ತಲೆ ಕೆಳಗೆ ಹಾಕಿದ. "ಕಾಟಪ್ಪನ್ನ ನೀನು ಹೆಂಗರೆ ಮಾಡಿ ಬಿಡಿಸ್ತಿ, ತಮ್ಮನ್ನೂ ಉಳಿಸ್ಕಂತಿ, ಅಂತ ತಿಳ್ಕಂಡಿದ್ದೆ. ನಿನ್ನ ಓಡಾಟ ಎಲ್ಲ ಅದಕ್ಕ ಅಂತ."

"ಬಾಗಿಲ ಹಿಂದಿನ ಹಸಿರು ಯಾಕ ಬಿಟ್ಟಿ ಮತ್ತ? ಅದನ್ನೂ ಮುಚ್ಚಿಬಿಡ್ಬೇಕಿತ್ತು."

"ಮುಚ್ಚಾಕ ಹೋದೆ. ಕೈ ಬರ್ಲಿಲ್ಲ. ಉಸ್ತಾದನ ಮಾತು ಒಮ್ಮೆನೂ ಮೀರಿದವ ಅಲ್ಲ ನಾನು."

ನಾನು ಬಾನೆಟ್ಟಿಗೆ ಒರಗಿ ನಿಂತೆ. ಅಂಗಿಗೆ ಕೆಂಪು ನೀರು ಹತ್ತಿತು. ಲಾಲ್ ಸಾಬನಿಗೆ ಕ್ಷಮಿಸು ಎನ್ನಬೇಕಿತ್ತು. ನಾಳೆ ಕೋರ್ಟಿನಲ್ಲಿ ಈ ಚಕ್ಕೆ ಇಟ್ಟರೆ ಕಾಟಪ್ಪ ಹೊರಗೆ, ನಾನು ಎತ್ತಿ ಆಡಿಸಿದವನು ಒಳಗೆ. ಇಡದಿದ್ದರೆ, ಉಚ್ಚೆಂಗೆಮ್ಮನ ಕೂಸು ಅಪ್ಪನ ಮುಖ ಮರೆಯುತ್ತದೆ. ಚಕ್ಕೆಯ ಮೇಲೆ ಪೊಟ್ಟಣ ಮಡಚಿ ಮುಷ್ಟಿಯಲ್ಲಿ ಹಿಡಿದೆ. ಒಂದು ಮುಷ್ಟಿಯಲ್ಲಿ ಅದು, ಇನ್ನೊಂದರಲ್ಲಿ ಅಪ್ಪನ ಡಬ್ಬಿ.

ಹೊರಗೆ ಸೈಕಲ್ ಗಂಟೆ ಕೇಳಿಸಿತು.

"ಅಣ್ಣಾ, ಇಲ್ಲಿ ಅದೀಯಾ? ಮಲ್ಲೇಶಪ್ಪನೋರ ಕಾರಿನಿಂದ ಇಲ್ಲಿ ಇಳಿದದ್ದು ನೋಡಿದೆ ಅಂತ ಯಾರೋ ಹೇಳಿದ್ರು."

ಅಜ್ಜಯ್ಯ. ಸೈಕಲ್ ತಳ್ಳಿಕೊಂಡು ಶೆಡ್ಡಿನ ಬಾಗಿಲಿಗೆ ಬಂದ. ಹ್ಯಾಂಡಲ್ಲಿಗೆ ಯಾರದೋ ಬುತ್ತಿಗಂಟು ನೇತುಹಾಕಿದ್ದ. ಅವನ ಹಿಂದೆ ಕೂಸು ಎತ್ತಿಕೊಂಡು ಉಚ್ಚೆಂಗೆಮ್ಮ. ಗಂಟು ಅವಳದು. ಹೊತ್ತು ನಡೆಯಬಾರದೆಂದು ತಾನು ಇಸಿದುಕೊಂಡಿದ್ದ. ನನ್ನ ತಮ್ಮ ಯಾವಾಗಲೂ ಹಾಗೇ, ಯಾರ ಕಷ್ಟವನ್ನೂ ನೋಡಲಾರ.

"ಜೈಲಿಂದ ಬಂದೀನ್ರಿ ಸಾಹೇಬ್ರ," ಎಂದಳು ಅವಳು. "ನೀವು ಹೋದ ಮ್ಯಾಲೆ ನನ್ನ ಒಳಗ ಬಿಟ್ರು. ಇವತ್ತು ಬಾಯಿ ಬಿಟ್ರು ನಮ್ಮ ಮನಿಯವರು."

ನಾನು ನೆಟ್ಟಗೆ ನಿಂತೆ. "ಏನಂದ?"

"'ಮೇಷ್ಟ್ರಿಗೆ ಹೇಳು' ಅಂದ್ರು. 'ಅವತ್ತು ಸಂಜಿ ನಾನೆಲ್ಲಿದ್ದೆ ಅಂತ ಯಾರ ಮುಂದೂ ಹೇಳಿಲ್ಲ. ನನ್ನ ಮಾತು ನಾನು ಉಳಿಸ್ಕಂಡೀನಿ. ಅಣ್ಣನ ಕಡಿಂದ ಬಿಡಿಸ್ತೀನಿ ಅಂದಿದ್ರು, ಅವರ ಮಾತು ಅವರು ಉಳಿಸ್ಕಳ್ಳಲಿ' ಅಂತ." ಅವಳು ನನ್ನನ್ನೂ ಅಜ್ಜಯ್ಯನನ್ನೂ ನೋಡಿದಳು. "ಯಾವ ಮಾತ್ರಿ ಸಾಹೇಬ್ರ? ದಾರಿ ಉದ್ದಕ್ಕೂ ಕೇಳಿದೆ, ಮೇಷ್ಟ್ರು ತುಟಿ ಬಿಚ್ಚಲಿಲ್ಲ."

ಕಾರು ಕಲಿಯುವವನಿಗೆ ಕಲಿಸುವವನೊಬ್ಬ ಬೇಕು. ಕಾಟಪ್ಪ ಆ ಕಾರಿನಲ್ಲೇ ಇದ್ದ. ಸ್ಟೇರಿಂಗ್ ಹಿಡಿದ ಕೈ ಯಾರದೆಂದು ಅವನು ಕಣ್ಣಾರೆ ಕಂಡಿದ್ದ. ಅಥವಾ ಆ ಕೈ ಅವನದೇ ಆಗಿತ್ತೋ? ಇಬ್ಬರಲ್ಲಿ ಒಬ್ಬ ನನ್ನ ಮನೆಯ ಮೇಲೆ ನಂಬಿಕೆ ಇಟ್ಟು ಗೋಡೆ ನೋಡುತ್ತ ಕೂತಿದ್ದ. ಇನ್ನೊಬ್ಬ ನನ್ನ ಎದುರಿಗಿದ್ದ.

ಅಜ್ಜಯ್ಯನ ಕಣ್ಣು ಬಿಸ್ಕತ್ತಿನ ಡಬ್ಬದ ಮೇಲೆ ಬಿತ್ತು, ಹಜೀರಾಬೀಯ ಮೇಲೆ, ಆಮೇಲೆ ನನ್ನ ಕೈ ಮೇಲೆ. ನಾನು ಮುಷ್ಟಿ ಬಿಚ್ಚಿದೆ. ಕೋಡು ಸವೆದ ಬಸವಣ್ಣ ಅಂಗೈಯಲ್ಲಿ ಮಲಗಿದ್ದ.

ಸೈಕಲ್ ಅವನ ಕೈಯಿಂದ ಜಾರಿ ಬಿತ್ತು. ಬುತ್ತಿಗಂಟು ಬಿಚ್ಚಿಕೊಂಡು, ಕಾಟಪ್ಪ ಮುಟ್ಟದೆ ವಾಪಸು ಕಳಿಸಿದ್ದ ರೊಟ್ಟಿಗಳು ನೆಲದ ಮೇಲೆ ಚೆಲ್ಲಿದವು. ಉಚ್ಚೆಂಗೆಮ್ಮ ಒಂದು ಕೈಯಲ್ಲಿ ಕೂಸು ಹಿಡಿದು, ಬಗ್ಗಿ ಅವನ್ನು ಆರಿಸತೊಡಗಿದಳು.

"ಆಕಿ ಕೇಳ್ತಿದಾಳ," ಎಂದೆ ನಾನು ತಮ್ಮನಿಗೆ. "ಯಾವ ಮಾತು ಅಂತ. ಹೇಳು."